ಖಾನಾವಳಿಯ ಲೆಕ್ಕ

ಹೋದ ಡಿಸೆಂಬರಿನಲ್ಲಿ ಒಂದು ಭಾನುವಾರ ಬೆಳಿಗ್ಗೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಳು. ಹೈಸ್ಕೂಲಿನಲ್ಲಿ ಮೂರು ವರ್ಷ ನನ್ನ ಕೈಕೆಳಗೆ ಓದಿದವಳು. ಈಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಕಂಪನಿಯೊಂದರಲ್ಲಿ ಕೆಲಸ. ದಾವಣಗೆರೆಗೆ ಬಂದಾಗಲೆಲ್ಲ ನಮ್ಮ ಮನೆಗೆ ತಲೆ ಹಾಕಿ ಹೋಗುವ ಹುಡುಗಿಯಾದ್ದರಿಂದ ನನಗೇನೂ ಆಶ್ಚರ್ಯವಾಗಲಿಲ್ಲ. ಒಗ್ಗರಣೆ ಮಂಡಕ್ಕಿ ಮಾಡಿಕೊಟ್ಟೆ. ತಿಂದಳು, ತಟ್ಟೆ ತೊಳೆದಿಟ್ಟಳು. ಆಮೇಲೆ ಚೀಲದಿಂದ ಒಂದು ಫೈಲು ತೆಗೆದು ಮೇಜಿನ ಮೇಲಿಟ್ಟು, "ನಾವಿಬ್ರೂ ಬೇರೆ ಆಗ್ತಾ ಇದೀವಿ ಮಿಸ್" ಅಂದಳು.

ಅವಳಿಗೆ ಮದುವೆಯಾದದ್ದೇ ನನಗೆ ಗೊತ್ತಿರಲಿಲ್ಲ. ಆಗಿಯೂ ಇರಲಿಲ್ಲ. ಜೊತೆಯಲ್ಲಿ ಕೆಲಸ ಮಾಡುವ ಹುಡುಗನೊಂದಿಗೆ ಆರು ವರ್ಷದಿಂದ ಒಂದೇ ಮನೆಯಲ್ಲಿದ್ದಳಂತೆ. ನಾಲ್ಕನೆಯ ವರ್ಷ ಒಂದು ಫ್ಲ್ಯಾಟು ಕೊಂಡರು. ಮದುವೆಯಾಗದ ಇಬ್ಬರಿಗೆ ಜಂಟಿ ಸಾಲ ಕೊಡಲು ಬ್ಯಾಂಕಿನವರು ಹಿಂದೆಮುಂದೆ ನೋಡಿದ್ದರಿಂದ ಸಾಲ ಅವನ ಹೆಸರಿಗೆ, ಕ್ರಯಪತ್ರವೂ ಅವನ ಹೆಸರಿಗೆ. ತಿಂಗಳ ಕಂತು 42,000. ಅದರಲ್ಲಿ ಅರ್ಧ, 21,000, ಪ್ರತಿ ತಿಂಗಳೂ ಇವಳ ಖಾತೆಯಿಂದ ಅವನ ಖಾತೆಗೆ ಹೋಗಿದೆ. ಹೀಗೆ 26 ತಿಂಗಳು. ಇನ್ನು ದಿನಸಿ, ಗ್ಯಾಸು, ಕೆಲಸದವಳ ಸಂಬಳ, ಕಿಟಕಿಯ ಪರದೆ ಎಲ್ಲ ಇವಳದೇ. ಇದೆಲ್ಲದರ ಕಾಗದ ಆ ಫೈಲಿನಲ್ಲಿದ್ದವು.

"ಇದರಲ್ಲಿ ನಂದು ಅಂತ ಏನಾದ್ರೂ ಇದೆಯಾ ಮಿಸ್?" ಎಂದು ಕೇಳಿದಳು.

ನಿಜ ಹೇಳಬೇಕೆಂದರೆ, ಅವಳು ಮದುವೆಯಿಲ್ಲದೆ ಒಬ್ಬನ ಜೊತೆ ಇದ್ದದ್ದಕ್ಕಿಂತ ಆ ಫೈಲು ನನಗೆ ಹೆಚ್ಚು ಚುಚ್ಚಿತು. ಪ್ರೀತಿಸಿದವನ ಮೇಲೆ ರಸೀತಿ ಕೂಡಿಟ್ಟಿದ್ದಾಳಲ್ಲ ಎನ್ನಿಸಿತು. ಬಾಯಿಬಿಟ್ಟು ಹೇಳಲಿಲ್ಲ, ಆದರೆ ಅವಳಿಗೆ ನನ್ನ ಮುಖದಲ್ಲೇ ತಿಳಿಯಿತೆಂದು ಕಾಣುತ್ತದೆ. ಫೈಲನ್ನು ತನ್ನ ಕಡೆಗೆ ಎಳೆದುಕೊಂಡಳು. ಆಗ ನನಗೆ ಇನ್ನೊಂದು ಲೆಕ್ಕದ ಪುಸ್ತಕ ನೆನಪಾಯಿತು, ಎಣ್ಣೆಯ ಕಲೆ ಬಿದ್ದು ಅಂಚು ಕಂದಿದ ಒಂದು ಉದ್ದನೆಯ ಪುಸ್ತಕ.

ನನ್ನ ಸೋದರಮಾವ ದಾವಣಗೆರೆಯ ಒಂದು ಬಟ್ಟೆ ಗಿರಣಿಯಲ್ಲಿ ಗುಮಾಸ್ತರಾಗಿದ್ದರು. ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದ ಕಾಲ ಅದು. ಆಗ ಇದು ಇನ್ನೂ ಚಿತ್ರದುರ್ಗ ಜಿಲ್ಲೆಗೆ ಸೇರಿತ್ತು. ಮಾವನಿಗೆ ಮದುವೆಯಾಗಿರಲಿಲ್ಲ. ಗಿರಣಿಯ ಹತ್ತಿರ ಒಬ್ಬರು ಖಾನಾವಳಿ ನಡೆಸುತ್ತಿದ್ದರು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವರು. ನಮ್ಮ ಜಾತಿಯೇ, ಒಳಪಂಗಡ ಬೇರೆ. ಮಾವ ಅಲ್ಲಿ ತಿಂಗಳ ಲೆಕ್ಕಕ್ಕೆ ಊಟಕ್ಕೆ ಹೋಗುತ್ತಿದ್ದವರು 1972ರಲ್ಲಿ ಅಲ್ಲೇ ಉಳಿದರು. ನಮ್ಮ ಕಡೆ ಅನೇಕ ಸಮುದಾಯಗಳಲ್ಲಿ ಗಂಡ ಸತ್ತವಳಿಗೆ ಸೀರೆ ಉಡಿಸಿ ಮನೆ ತುಂಬಿಸಿಕೊಳ್ಳುವ ಉಡಿಕೆಯ ಪದ್ಧತಿ ಇತ್ತು. ನಮ್ಮ ಮನೆತನದವರು ತಾವು ಅದಕ್ಕಿಂತ ಮೇಲು ಎಂದುಕೊಂಡಿದ್ದರು. ಹಾಗಾಗಿ ಉಡಿಕೆಯೂ ಆಗಲಿಲ್ಲ, ಮದುವೆಯೂ ಆಗಲಿಲ್ಲ. ಹತ್ತೊಂಬತ್ತು ವರ್ಷ ಮಾತ್ರ ಆಯಿತು.

ನಾವು ಮಕ್ಕಳು ಅವರನ್ನು ಏನೆಂದು ಕರೆಯಬೇಕು ಎನ್ನುವುದೇ ಒಂದು ಪ್ರಶ್ನೆಯಾಗಿತ್ತು. ಒಮ್ಮೆ ನಾನು ಬಾಯಿತಪ್ಪಿ "ಅತ್ತೆ" ಎಂದದ್ದಕ್ಕೆ ಅವ್ವ ತೊಡೆ ಚಿವುಟಿದ್ದಳು. ಅವ್ವನ ಬಾಯಲ್ಲಿ ಅವರು "ಅಕಿ". ಊರವರ ಬಾಯಲ್ಲಿ "ಇಟ್ಟುಕೊಂಡವಳು". ಈ ಕೊನೆಯ ಮಾತನ್ನು ನಾನು ವ್ಯಾಕರಣ ಕಲಿಸುವವಳಾಗಿ ಬಹಳ ಸಲ ಯೋಚಿಸಿದ್ದೇನೆ. ಪಾತ್ರೆಯನ್ನೋ ದನವನ್ನೋ ಇಟ್ಟುಕೊಳ್ಳುವ ಹಾಗೆ ಗಂಡಸು ಇಟ್ಟುಕೊಳ್ಳುತ್ತಾನೆ, ಹೆಂಗಸು ಇಡಲ್ಪಡುತ್ತಾಳೆ. ಆದರೆ ಆ ಮನೆಯಲ್ಲಿ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಒಲೆ ಹಚ್ಚುತ್ತಿದ್ದವರು, ದಿನಕ್ಕೆ ಎರಡು ನೂರು ರೊಟ್ಟಿ ಬಡಿಯುತ್ತಿದ್ದವರು, ಮಾವನಿಗೆ ಎರಡು ಹೊತ್ತು ಉಣ್ಣಲಿಕ್ಕಿ ಬಟ್ಟೆ ಇಸ್ತ್ರಿ ಮಾಡಿಸಿ ಕಳಿಸುತ್ತಿದ್ದವರು ಅವರು. ಯಾರು ಯಾರನ್ನು ಇಟ್ಟುಕೊಂಡಿದ್ದರು, ನೀವೇ ಹೇಳಿ.

ಊಟದವರ ಲೆಕ್ಕವೆಲ್ಲ ಆ ಉದ್ದನೆಯ ಪುಸ್ತಕದಲ್ಲಿರುತ್ತಿತ್ತು. ಯಾರು ಎಷ್ಟು ಹೊತ್ತು ಉಂಡರು, ಯಾರ ಬಾಕಿ ಎಷ್ಟು, ಹೆಚ್ಚಿಗೆ ಮೊಸರು ಹಾಕಿಸಿಕೊಂಡವರು ಯಾರು. ಶಾಲೆಗೆ ರಜಾ ಬಿಟ್ಟಾಗ ಅಲ್ಲಿಗೆ ಹೋದರೆ ಕೂಡುವ ಲೆಕ್ಕ ನನ್ನ ಪಾಲಿಗೆ. ಮಾವನ ಹೆಸರಿಗೆ ಅದರಲ್ಲಿ ಒಂದು ಪುಟವೂ ಇರಲಿಲ್ಲ. ಮನೆಯವರ ಲೆಕ್ಕ ಬರೆಯುವುದುಂಟೇ!

1976ರಲ್ಲಿ ಒಂದು ನಿವೇಶನ ಕೊಂಡರು. ಹಣದಲ್ಲಿ ಹೆಚ್ಚಿನ ಪಾಲು ಖಾನಾವಳಿಯದು. ನೋಂದಣಿಗೆ ಹೋಗುವ ದಿನ ಒಂದು ತೊಡಕು ಬಂತು. ಕ್ರಯಪತ್ರದಲ್ಲಿ ಗಂಡಸಿನ ಹೆಸರಿನ ಮುಂದೆ "ಬಿನ್" ಎಂದು ಅಪ್ಪನ ಹೆಸರು, ಹೆಂಗಸಿನ ಹೆಸರಿನ ಮುಂದೆ "ಕೋಂ" ಎಂದು ಗಂಡನ ಹೆಸರು ಬರೆಯುವುದು ನಮ್ಮ ರೂಢಿಯಷ್ಟೆ. ಅವರ ಹೆಸರಿಗೆ ಬರೆಸಿದರೆ ಕೋಂ ಎಂದು ಸತ್ತ ಗಂಡನ ಹೆಸರು ಬರಬೇಕು. ಮಾವನಿಗೆ ಅದು ಸಹಿಸಲಿಲ್ಲ. ಕೋಂ ಎಂದು ತಮ್ಮ ಹೆಸರು ಬರೆಸುವ ಧೈರ್ಯವೂ ಇರಲಿಲ್ಲ. "ನಿಮ್ಮ ಹೆಸರಿಗೇ ಆಗಲಿ ಬಿಡ್ರಿ" ಎಂದು ಅವರೇ ಹೇಳಿದರಂತೆ. ಹಾಗೆ ನಿವೇಶನ ಮಾವನದಾಯಿತು. ಮೂರು ವರ್ಷದ ಮೇಲೆ ಅದರಲ್ಲಿ ಮನೆ ಎದ್ದಿತು, ಮುಂದಿನ ಪಡಸಾಲೆಯಲ್ಲಿ ಖಾನಾವಳಿ ನಡೆಯಿತು.

1991ರಲ್ಲಿ ಮಾವ ಅವರನ್ನು ಬಿಟ್ಟುಬಂದರು. ಮಾವ ಕೆಟ್ಟವರಲ್ಲ. ಗಿರಣಿ ಮುಚ್ಚುವ ಸ್ಥಿತಿಗೆ ಬಂದಿತ್ತು. ಹತ್ತಿಯ ಧೂಳು ಕುಡಿದು ಕುಡಿದು ಉಬ್ಬಸ ಹತ್ತಿತ್ತು. ಇಬ್ಬರಿಗೂ ಮಾತಿಗೆ ಮಾತು ಬೆಳೆಯುತ್ತಿತ್ತು. ಸತ್ತರೆ ಮಣ್ಣು ಹಾಕುವವರು ಯಾರು ಎಂಬ ಭಯವನ್ನು ನಮ್ಮ ಹಿರಿಯ ಮಾವ ಅವರ ತಲೆಗೆ ತುಂಬಿದ್ದರು. ಕರೆದುಕೊಂಡು ಬರಲು ಹೋದವರು ಹಿರಿಯ ಮಾವ, ಅವ್ವ, ಮತ್ತು ಬಿ.ಎ. ಮುಗಿಸಿ ಮನೆಯಲ್ಲಿದ್ದ ನಾನು. ಹೊತ್ತು ಮಧ್ಯಾಹ್ನವಾಗಿತ್ತು. ಅವರು ನಮ್ಮನ್ನು ನೋಡಿದವರೇ, "ಮೊದ್ಲು ಉಣ್ರಿ, ಮಾತು ಆಮೇಲೆ" ಅಂದರು. ಉಂಡೆವು. ಜೋಳದ ರೊಟ್ಟಿ, ಎಣ್ಣೆಗಾಯಿ ಪಲ್ಯ, ಶೇಂಗಾ ಚಟ್ನಿ. ಕೈ ತೊಳೆದ ಮೇಲೆ ಹಿರಿಯ ಮಾವ ಎರಡು ಸಾವಿರ ರೂಪಾಯಿ ಮತ್ತು ಒಂದು ಸೀರೆ ಮುಂದಿಟ್ಟರು. ಅವರು ಮುಟ್ಟಲಿಲ್ಲ. ಪಾತ್ರೆಪಡಗ, ಹಂಚು, ಲೆಕ್ಕದ ಪುಸ್ತಕ ತೆಗೆದುಕೊಂಡು ತಿಂಗಳೊಳಗೆ ಬಾಡಿಗೆಯ ತಗಡಿನ ಶೆಡ್ಡಿಗೆ ಹೋದರು. ಮನೆ 1,20,000ಕ್ಕೆ ಮಾರಾಟವಾಯಿತು. ಹೆಚ್ಚಿನದು ಹಿರಿಯ ಮಾವನ ಹೊಲದ ಬೋರಿಗೆ ಹೋಯಿತು. ಇಬ್ಬರು ತಂಗಿಯರಿಗೆ ಅರಿಶಿನ ಕುಂಕುಮಕ್ಕೆಂದು ತಲಾ 15,000 ಬಂತು. ಅವ್ವನಿಗೆ ಬಂದ ಆ ಹಣದಲ್ಲಿ ನಾನು ಬಿ.ಎಡ್. ಓದಿದೆ.

ಅವರು ಒಬ್ಬ ವಕೀಲರನ್ನು ಕೇಳಿದ್ದರೆಂದು ಆಮೇಲೆ ತಿಳಿಯಿತು. ವಕೀಲರು ಹೇಳಿದ್ದಿಷ್ಟು: ದುಡ್ಡು ನನ್ನದು ಎಂದರೆ ಅದು ಬೇನಾಮಿಯಾಗುತ್ತದೆ, ಹೆಂಡತಿ ಎಂದರೆ ಮದುವೆ ತೋರಿಸಬೇಕಾಗುತ್ತದೆ. ವಕೀಲರ ಮಾತಿನಲ್ಲಿ ಸುಳ್ಳಿರಲಿಲ್ಲ. 1988ರ ಬೇನಾಮಿ ಕಾಯ್ದೆಯ ಪ್ರಕಾರ, ಇನ್ನೊಬ್ಬರ ಹೆಸರಿನಲ್ಲಿರುವ ಆಸ್ತಿಗೆ ಹಣ ಕೊಟ್ಟವಳು ನಾನು, ಅದು ನನ್ನದು ಎಂದು ದಾವೆ ಹಾಕುವಂತಿಲ್ಲ. ಕಳ್ಳ ಹಣ ಬಚ್ಚಿಡುವವರಿಗಾಗಿ ಮಾಡಿದ ಕಾಯ್ದೆಗೆ ಸಿಕ್ಕಿಬಿದ್ದವರು ರೊಟ್ಟಿ ಬಡಿಯುವ ಹೆಂಗಸು. 2016ರಲ್ಲಿ ಅದನ್ನು ತಿದ್ದಿದಾಗ, ತಿಳಿದಿರುವ ಆದಾಯದಿಂದ ಗಂಡ ಹೆಂಡತಿ ಒಬ್ಬರು ಇನ್ನೊಬ್ಬರ ಹೆಸರಿನಲ್ಲಿ ಕೊಂಡದ್ದಕ್ಕೆ ವಿನಾಯಿತಿ ಕೊಟ್ಟರು. ಮದುವೆಯಾಗದೆ ಕೂಡಿ ಬಾಳಿದವರಿಗೆ ಆ ವಿನಾಯಿತಿ ಇಲ್ಲ.

ಈ ಕತೆಯನ್ನು ಆ ದಿನ ಹುಡುಗಿಗೆ ಹೇಳಿದೆ. ಬಿ.ಎಡ್.ನ ವಿಷಯ ಹೇಳಲಿಲ್ಲ. ಆಮೇಲೆ ಇಬ್ಬರೂ ನಮ್ಮ ಹಿಂದಿನ ಬೀದಿಯಲ್ಲಿರುವ ವಕೀಲೆಯೊಬ್ಬರ ಮನೆಗೆ ಹೋದೆವು.

ಈ ಮೂವತ್ತು ವರ್ಷಗಳಲ್ಲಿ ಕಾನೂನು ನಿಂತಲ್ಲೇ ನಿಂತಿಲ್ಲ. ವಯಸ್ಕರಿಬ್ಬರು ಮದುವೆಯಿಲ್ಲದೆ ಒಟ್ಟಿಗಿರುವುದು ಅಪರಾಧವಲ್ಲವೆಂದು 2010ರಲ್ಲಿ ನಟಿ ಖುಷ್ಬೂ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅದಕ್ಕೂ ಮೊದಲೇ, 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ "ಮದುವೆಯ ಸ್ವರೂಪದ ಸಂಬಂಧ"ದಲ್ಲಿರುವ ಹೆಂಗಸನ್ನೂ ಒಳಗೆ ತೆಗೆದುಕೊಂಡಿತ್ತು. ದೌರ್ಜನ್ಯ ನಡೆದಲ್ಲಿ ಅವಳನ್ನು ಆ ಮನೆಯಿಂದ ಸುಮ್ಮನೆ ಹೊರಗೆ ಹಾಕುವಂತಿಲ್ಲ, ಜೀವನಾಂಶ ಕೇಳಬಹುದು. ಯಾವುದು ಮದುವೆಯ ಸ್ವರೂಪ ಎನ್ನುವುದಕ್ಕೆ 2010ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಕೆಲವು ಗುರುತು ಹೇಳಿತು. ಇಬ್ಬರೂ ಮದುವೆಯಾಗಲು ಅರ್ಹರಿರಬೇಕು, ಸಾಕಷ್ಟು ಕಾಲ ಒಟ್ಟಿಗಿದ್ದಿರಬೇಕು, ಲೋಕದ ಕಣ್ಣಿಗೆ ಗಂಡಹೆಂಡಿರಂತೆ ಬಾಳಿರಬೇಕು ಎಂದು. ಅದೇ ತೀರ್ಪಿನಲ್ಲಿ ನಮ್ಮ "ಇಟ್ಟುಕೊಂಡವಳು" ಇಂಗ್ಲಿಷಿನ ವೇಷ ಹಾಕಿ "ಕೀಪ್" ಎಂದು ಬಂದಿದ್ದಳು. ಆಗ ಅಡಿಷನಲ್ ಸಾಲಿಸಿಟರ್ ಜನರಲ್ ಆಗಿದ್ದ ಇಂದಿರಾ ಜೈಸಿಂಗ್ ಆ ಮಾತಿಗೆ ನ್ಯಾಯಾಲಯದಲ್ಲೇ ಆಕ್ಷೇಪಣೆ ಎತ್ತಿದರು.

ವಕೀಲೆ ಇನ್ನೊಂದು ಪ್ರಕರಣ ಹೇಳಿದರು, ನಮ್ಮ ಬೆಂಗಳೂರಿನದೇ. ಒಂದೇ ಕಂಪನಿಯಲ್ಲಿದ್ದ ಇಬ್ಬರು 1992ರಿಂದ ಜೊತೆಗಿದ್ದರು. ಆತನಿಗೆ ಮೊದಲೇ ಹೆಂಡತಿ ಮಕ್ಕಳಿದ್ದರು. ಈಕೆ ಕೆಲಸ ಬಿಟ್ಟಿದ್ದಳು. ಕೊನೆಗೆ ಆತ ಬಿಟ್ಟುಹೋದಾಗ ಮ್ಯಾಜಿಸ್ಟ್ರೇಟರು ತಿಂಗಳಿಗೆ 18,000 ಜೀವನಾಂಶ ಕೊಡಿಸಿದರು. ಹೈಕೋರ್ಟು ಅದನ್ನು ತೆಗೆದುಹಾಕಿತು. 2013ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಹೈಕೋರ್ಟಿನ ಮಾತನ್ನೇ ಎತ್ತಿಹಿಡಿಯಿತು. ಆತನಿಗೆ ಮದುವೆಯಾಗಿರುವುದು ಗೊತ್ತಿದ್ದೂ ಹೋದವಳು, ಆದ್ದರಿಂದ ಇದು ಮದುವೆಯ ಸ್ವರೂಪದ್ದಲ್ಲ ಎಂದು. ಇಂಥ ಹೆಂಗಸರಿಗೂ ರಕ್ಷಣೆ ಬೇಕಾದೀತು, ಕಾಯ್ದೆಯಲ್ಲಿ ಅದಿಲ್ಲ, ಸಂಸತ್ತು ಯೋಚಿಸಲಿ ಎಂದೂ ನ್ಯಾಯಾಧೀಶರು ಬರೆದರು. ಹೆಂಡತಿಯ ಪಾಲನ್ನು ಕಿತ್ತು ಇನ್ನೊಬ್ಬಳಿಗೆ ಕೊಡಿ ಎಂದು ನಾನೂ ಹೇಳಲಾರೆ. ಆದರೆ ಆತನೂ ಗೊತ್ತಿದ್ದೇ ಹೋದವನಲ್ಲವೇ? ತಿಳಿದೂ ತಪ್ಪು ಮಾಡಿದವರು ಇಬ್ಬರು, ದಂಡ ತೆತ್ತವಳು ಒಬ್ಬಳು.

ನಮ್ಮ ಹುಡುಗಿಯ ವಿಷಯದಲ್ಲಿ ಇದ್ಯಾವುದೂ ಉಪಯೋಗಕ್ಕೆ ಬರುವಂತಿರಲಿಲ್ಲ. ಅವನು ಹೊಡೆದವನಲ್ಲ, ಬೈದವನಲ್ಲ. ಆ ಮನೆಯಲ್ಲಿ ಇರುವ ಹಕ್ಕು ಅವಳಿಗೆ ಬೇಡ, ಬಿಟ್ಟುಹೋಗುವುದೇ ಬೇಕಾಗಿದೆ. ಸಂಬಳ ಬರುವವಳಿಗೆ ಜೀವನಾಂಶವೇಕೆ? ಅವಳು ಕೇಳುತ್ತಿರುವುದು ಪಾಲು. ಪಾಲಿನ ಮಾತು ಯಾವ ಕಾಯ್ದೆಯಲ್ಲೂ ಇಲ್ಲ. 2025ರ ಜನವರಿಯಲ್ಲಿ ಉತ್ತರಾಖಂಡದಲ್ಲಿ ಜಾರಿಗೆ ಬಂದ ಸಂಹಿತೆ ಇಂಥ ಸಂಬಂಧವನ್ನೂ ನೋಂದಾಯಿಸಬೇಕೆನ್ನುತ್ತದೆ. ಕೈಬಿಟ್ಟರೆ ಜೀವನಾಂಶ ಎನ್ನುತ್ತದೆ, ಪಾಲೆನ್ನುವುದಿಲ್ಲ. ಕ್ರಯಪತ್ರದಲ್ಲಿ ಇಬ್ಬರ ಹೆಸರೂ ಇದ್ದಿದ್ದರೆ ಮಾತೇ ಬೇರೆಯಿತ್ತು ಎಂದರು ವಕೀಲೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಪ್ರಕಾರ ಯಾರು ಎಷ್ಟು ಹಾಕಿದರೋ ಅಷ್ಟರ ಪಾಲು ಸಿಗುತ್ತಿತ್ತು. ಈಗ ಉಳಿದದ್ದು ಬ್ಯಾಂಕಿನ ಪುಸ್ತಕ, ಮತ್ತು ಆ ಹುಡುಗನ ಒಳ್ಳೆಯತನ.

ದಾರಿಯಲ್ಲಿ ಹುಡುಗಿ ಒಂದು ಮಾತು ಹೇಳಿದಳು. "ನಾವು ಮದುವೆ ಆಗದೇ ಇದ್ದಿದ್ದೇ ಕಾನೂನು, ಸಂಬಂಧಿಕರು ಯಾರೂ ನಮ್ಮ ನಡುವೆ ಬರಬಾರದು ಅಂತ ಮಿಸ್. ಈಗ ನಾನೇ ಕಾನೂನು ಬರಲಿ ಅಂದ್ರೆ ಹೇಗೆ?" ಈ ಪ್ರಶ್ನೆಯನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಬೇಡವೆಂದವರ ಕೊರಳಿಗೆ ಸರ್ಕಾರ ಹಿಂದಿನಿಂದ ಬಂದು ತಾಳಿ ಕಟ್ಟಿದ ಹಾಗಾಗುತ್ತದೆ. ಆದರೆ ಪಾಲು ಕೇಳುವುದಕ್ಕೆ ತಾಳಿ ಯಾಕೆ ಬೇಕು? ನಮ್ಮಲ್ಲಿ ಹೊಲವನ್ನು ಕೋರಿಗೆ ಕೊಡುವುದುಂಟು. ಒಬ್ಬನ ನೆಲ, ಇನ್ನೊಬ್ಬನ ದುಡಿಮೆ. ಸುಗ್ಗಿಯಲ್ಲಿ ಕಣಕ್ಕೆ ಬಂದು ರಾಶಿಯನ್ನು ಅಳೆದುಕೊಳ್ಳುತ್ತಾರೆ. ಅವರಿಬ್ಬರೂ ನೆಂಟರೋ ಅಲ್ಲವೋ ಎಂದು ಯಾರೂ ಕೇಳುವುದಿಲ್ಲ. ಪಹಣಿ ನನ್ನ ಹೆಸರಿನಲ್ಲಿದೆ, ರಾಶಿಯೆಲ್ಲ ನನ್ನದೇ ಎಂದವನನ್ನು ಊರು ಛೀ ಎನ್ನುತ್ತದೆ. ಗಂಡುಹೆಣ್ಣಿನ ವಿಷಯ ಬಂದ ಕೂಡಲೇ ನಮಗೆ ರಾಶಿ ಕಾಣುವುದಿಲ್ಲ. ಅವರು ಮಲಗಿದ ಮಂಚವೊಂದೇ ಕಾಣುತ್ತದೆ.

ಆದರೂ ತೊಡಕಿದೆ. ಕಣದಲ್ಲಿ ಜೋಳ ಕಣ್ಣೆದುರಿಗಿರುತ್ತದೆ. ಅಡುಗೆ ಮಾಡಿದವಳ ದುಡಿಮೆ ಉಂಡು ಮುಗಿದಿರುತ್ತದೆ. ಮಾವನ ಸಂಬಳವೂ ಆ ಮನೆಗೆ ಬಿದ್ದಿತ್ತು ಎಂದು ನಮ್ಮವರು ಈಗಲೂ ವಾದಿಸುತ್ತಾರೆ. ಬಿದ್ದದ್ದು ಹೌದು. ಉಳಿದದ್ದು ಹೇಗೆ? ಹತ್ತೊಂಬತ್ತು ವರ್ಷ ಊಟಕ್ಕೆ ದುಡ್ಡು ಕೊಡದ್ದರಿಂದ ಉಳಿಯಿತು. ಪಕ್ಕದ ಮಣೆಯಲ್ಲಿ ಕುಳಿತ ಗಿರಣಿಯವನು ಉಂಡ ಅದೇ ರೊಟ್ಟಿಗೆ ಪುಸ್ತಕದಲ್ಲಿ ಬೆಲೆಯಿತ್ತು. ಮಾವ ಉಂಡದ್ದಕ್ಕೆ ಇರಲಿಲ್ಲ. ಒಬ್ಬರ ದುಡ್ಡು ಗೋಡೆಗೆ, ಇನ್ನೊಬ್ಬರ ದುಡ್ಡು ಅಕ್ಕಿಬೇಳೆಗೆ ಎಂದು ಹಂಚಿಕೊಂಡರೆ, ಬೇರೆಯಾಗುವ ದಿನ ನಿಂತಿರುವುದು ಗೋಡೆಯೊಂದೇ. ಪ್ರೀತಿಯಲ್ಲಿ ಲೆಕ್ಕ ಇಡಬಾರದು ಎಂದು ನಾನು ಆ ಬೆಳಿಗ್ಗೆ ಅಂದುಕೊಂಡೆನಲ್ಲ, ಆ ಮಾತನ್ನು ನಾನು ಕೇಳಿದ್ದೆಲ್ಲ ಕ್ರಯಪತ್ರ ಯಾರ ಹೆಸರಿನಲ್ಲಿದೆಯೋ ಅವರ ಕಡೆಯಿಂದಲೇ.

ತಾಳಿ ಕಟ್ಟಿಸಿಕೊಂಡವರ ಪಾಡು ಬಹಳ ಬೇರೆ ಎಂದು ತಿಳಿಯಬೇಡಿ. ಗೋವಾದಲ್ಲಿ ಪೋರ್ಚುಗೀಸರ ಕಾಲದ ಸಿವಿಲ್ ಕಾನೂನು ಉಳಿದಿರುವುದರಿಂದ ಗಂಡಹೆಂಡಿರ ಆಸ್ತಿ ಸಾಮಾನ್ಯವಾಗಿ ಇಬ್ಬರಿಗೂ ಸೇರಿದ್ದು. ನಮ್ಮಲ್ಲಿ ವಿಚ್ಛೇದನವಾದರೆ ಹೆಂಡತಿಗೆ ಜೀವನಾಂಶ ಉಂಟು, ಗಂಡನ ಹೆಸರಿನ ಮನೆಯಲ್ಲಿ ಅರ್ಧ ನನ್ನದು ಎನ್ನುವ ಹಕ್ಕಿಲ್ಲ. ಅಂಥದೊಂದು ಹಕ್ಕು ಕೊಡುವ ಮಸೂದೆ 2013ರ ಆಗಸ್ಟಿನಲ್ಲಿ ರಾಜ್ಯಸಭೆಯಲ್ಲಿ ಪಾಸಾಗಿ, ಲೋಕಸಭೆಯ ಅವಧಿ ಮುಗಿದಾಗ ಬಿದ್ದುಹೋಯಿತು. ಅಂದು ರಾತ್ರಿ ನಾನು ನಮ್ಮವರನ್ನು, "ನಮ್ಮ ಮನೆ ಯಾರ ಹೆಸರಲ್ಲಿದೆ?" ಎಂದು ಕೇಳಿದೆ. "ಯಾಕೆ, ಈಗೇನಾಯ್ತು?" ಎಂದರು. ಇಪ್ಪತ್ತೆಂಟು ವರ್ಷ ಅವರ ಸಂಬಳದಲ್ಲಿ ಮನೆಸಾಲ, ನನ್ನ ಸಂಬಳದಲ್ಲಿ ದಿನಸಿ ಮತ್ತು ಮಕ್ಕಳ ಫೀಜು. ಬೀರು ತೆಗೆದು ಕ್ರಯಪತ್ರ ನೋಡಿದೆ. ನನ್ನ ಸಹಿ ಅದರಲ್ಲಿದೆ, ಸಾಕ್ಷಿಯ ಜಾಗದಲ್ಲಿ. ಒಳ್ಳೆಯ ಮನುಷ್ಯರು, ನನಗೆ ಭಯವೇನಿಲ್ಲ. ಮಾವನ ಬಗ್ಗೆ ಅವರಿಗೂ ಹೀಗೆಯೇ ಭಯವಿರಲಿಲ್ಲ.

1999ರಲ್ಲಿ ಒಮ್ಮೆ ನಾನು ಅವರ ಶೆಡ್ಡಿಗೆ ಹೋಗಿದ್ದೆ. ಮಾವ ತೀರಿಕೊಂಡು ಮೂರು ವರ್ಷವಾಗಿತ್ತು. ನನಗೆ ಕೆಲಸ ಸಿಕ್ಕಿ, ಕೈಯಲ್ಲಿ ಸ್ವಲ್ಪ ಹಣ ಓಡಾಡುತ್ತಿತ್ತು. ಬ್ಯಾಂಕಿನಿಂದ 15,000 ತೆಗೆದು ಕವರಿನಲ್ಲಿ ಹಾಕಿ ಚೀಲದಲ್ಲಿಟ್ಟುಕೊಂಡು ಹೋದೆ. ಮಧ್ಯಾಹ್ನದ ಜನವೆಲ್ಲ ಹೋಗಿತ್ತು. ನನ್ನನ್ನು ನೋಡಿ ಗುರುತು ಹಿಡಿದರು. "ದೊಡ್ಡಾಕಿ ಆಗೀಯವ್ವ, ಕೂತ್ಕ" ಎಂದು ಎಲೆ ಹಾಕಿದರು. ಆಗಲೂ ಏನೆಂದು ಕರೆಯಬೇಕೆಂದು ತಿಳಿಯದೆ ಸುಮ್ಮನೆ ಉಂಡೆ. ಉಣ್ಣುವಾಗ ಒಂದೇ ಪ್ರಶ್ನೆ ಕೇಳಿದರು. "ಕಡೀಗೆ ಅವ್ರು ಏನು ಉಣ್ತಿದ್ರು?" ಕೊನೆಕೊನೆಗೆ ಗಂಜಿ ಬಿಟ್ಟರೆ ಏನೂ ಸೇರುತ್ತಿರಲಿಲ್ಲವೆಂದೆ. ತಲೆಯಾಡಿಸಿದರು. ಕೈ ತೊಳೆದು ಬಂದು ಕವರು ತೆಗೆಯಬೇಕು ಎನ್ನುವಷ್ಟರಲ್ಲಿ, ಪುಸ್ತಕ ತೆರೆದಿಟ್ಟುಕೊಂಡು "ಹದಿನೈದು ರೂಪಾಯಿ" ಎಂದರು. ಎಂಟು ವರ್ಷದ ಹಿಂದೆ ಆ ಮಧ್ಯಾಹ್ನ ಉಂಡದ್ದಕ್ಕೆ ಕೇಳಿರಲಿಲ್ಲ. ಹದಿನೈದು ರೂಪಾಯಿ ಕೊಟ್ಟೆ. ಕವರು ತೆಗೆಯಲು ನನ್ನಿಂದಾಗಲಿಲ್ಲ. ಆಕೆ ಬೇಡವೆಂದಾರು ಎಂಬ ಭಯವೋ, ಬೇಕೆಂದು ತೆಗೆದುಕೊಂಡರೆ ನಮ್ಮವ್ವ ಮಾಡಿದ್ದನ್ನು ಒಪ್ಪಿಕೊಂಡಂತಾಗುತ್ತದೆ ಎಂಬ ಭಯವೋ, ಇಷ್ಟು ವರ್ಷವಾದರೂ ನನಗೆ ತೀರ್ಮಾನವಾಗಿಲ್ಲ. ವಾಪಸು ಬಂದು ಹಣವನ್ನು ಖಾತೆಗೆ ಕಟ್ಟಿದೆ. ಅದೇ ವರ್ಷ ಫ್ರಿಜ್ ಕೊಂಡೆವು. ಅವರು 2007ರಲ್ಲಿ ತೀರಿಕೊಂಡರು. ನನ್ನ ಬಿ.ಎಡ್. ಸರ್ಟಿಫಿಕೇಟಿನ ಮೇಲೆ ಇವತ್ತಿಗೂ ಸಂಬಳ ಬರುತ್ತಿದೆ.

ಮೊನ್ನೆ ಹುಡುಗಿ ಫೋನು ಮಾಡಿದ್ದಳು. ಅವನು ಕಂತಿನ ಹಣ 5,46,000ವನ್ನು ಹತ್ತು ತಿಂಗಳಲ್ಲಿ ಹಿಂದಕ್ಕೆ ಕೊಡಲು ಒಪ್ಪಿದ್ದಾನಂತೆ. ಫ್ಲ್ಯಾಟಿನ ಬೆಲೆ ಏರಿದ್ದರಲ್ಲಿ ಪಾಲಿಲ್ಲ. "ದಿನಸಿದು ನಾನೇ ಬಿಟ್ಟೆ ಮಿಸ್, ಇಬ್ರೂ ತಿಂದಿದ್ದಲ್ವಾ" ಎಂದಳು. ಬಿಡಬಾರದಿತ್ತು ಎಂದು ನನಗೆ ಅನ್ನಿಸಿತು, ಹೇಳಲಿಲ್ಲ. ಛಾಪಾ ಕಾಗದದಲ್ಲಿ ಬರೆದುಕೊಳ್ಳುತ್ತಾರಂತೆ, ಇಬ್ಬರು ಸಾಕ್ಷಿ ಬೇಕಂತೆ. ಅವನ ಕಡೆಯಿಂದ ಅವನ ಗೆಳೆಯ ಬರುತ್ತಾನೆ. ಇವಳ ಮನೆಯವರಿಗೆ ಇನ್ನೂ ವಿಷಯ ಗೊತ್ತಿಲ್ಲ. "ನೀವು ಬಂದು ಸಹಿ ಹಾಕ್ತೀರಾ ಮಿಸ್?" ಎಂದು ಕೇಳಿದಳು. ಬರುವ ಭಾನುವಾರ ಬೆಳಗಿನ ರೈಲಿಗೆ ಟಿಕೆಟು ತೆಗೆಸಿದ್ದೇನೆ.